ಕೊನೆಯ ಗೂಟ

ಮಂಡ್ಯ ಸೀಮೆಯ ಮನೆಗಳಲ್ಲಿ ಮುಂಗಾರು ಹಿಡಿದ ಮೇಲೆ ಬೆಳಗಿನ ಪತ್ರಿಕೆ ಬಂತೆಂದರೆ ಮೊದಲು ಕಣ್ಣು ಹೋಗುವುದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟದ ಕಡೆಗೆ. ಒಳಹರಿವು ಎಷ್ಟು, ಹೊರಹರಿವು ಎಷ್ಟು, 124.80 ಅಡಿ ತುಂಬಲು ಇನ್ನೆಷ್ಟು ಬಾಕಿ ಎಂದು ನೋಡಿಕೊಂಡ ಮೇಲೆಯೇ ಉಳಿದ ಸುದ್ದಿ. ನಾಲೆಗೆ ನೀರು ಬಿಟ್ಟರೆಂದು ತಿಳಿದ ವಾರದಲ್ಲಿ ಊರಿನ ಮುಖವೇ ಬೇರೆ. ಬದುಗಳನ್ನು ಕೆತ್ತುವವರು, ಭತ್ತದ ಒಟ್ಲು ಬಿಡುವವರು, ಎಮ್ಮೆಗಳ ಮೈ ತೊಳೆಯುವವರು ಎಲ್ಲ ಒಟ್ಟಿಗೇ ಕಾಣಿಸಿಕೊಳ್ಳುತ್ತಾರೆ. ಅವರ ನಡುವೆ, ಏರಿಯ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಯಾರೊಂದಿಗೂ ಮಾತಾಡದೆ ನೀರನ್ನೇ ನೋಡುವ ಇನ್ನೊಂದು ಮಂದಿಯಿದ್ದಾರೆ. ಗಾಳ ಹಾಕುವವರು.

ಕಳೆದ ಭಾನುವಾರ ಸಂಜೆ ವಾಕಿಂಗಿಗೆ ಹೋದಾಗ ಹತ್ತು ಹನ್ನೆರಡು ವಯಸ್ಸಿನ ಹುಡುಗನೊಬ್ಬ ಗಾಳ ಸಜ್ಜು ಮಾಡುತ್ತಿದ್ದುದನ್ನು ನಿಂತು ನೋಡಿದೆ. ತೆಂಗಿನ ಚಿಪ್ಪಿನಲ್ಲಿ ಒದ್ದೆ ಮಣ್ಣು, ಮಣ್ಣಿನೊಳಗೆ ಎರೆಹುಳು. ಒಂದನ್ನು ಎತ್ತಿ ಉಗುರಿನಲ್ಲಿ ಅರ್ಧ ಮಾಡಿದ. ಗಾಳದ ಮೊನೆ ಎಲ್ಲೂ ಹೊರಗೆ ಕಾಣದ ಹಾಗೆ ನಿಧಾನವಾಗಿ ಪೋಣಿಸಿದ. ಬೆಂಡು ನವಿಲುಗರಿಯ ದಂಟಿನದು, ಬಿಳಿಯದು, ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪ. ದಾರ ಬೀಸಿದಾಗ ಅದು ನೀರಿನ ಮೇಲೆ ಒಮ್ಮೆ ಮಲಗಿ, ಆಮೇಲೆ ಎದ್ದು ನಿಂತಿತು. ಆ ಎದ್ದು ನಿಲ್ಲುವ ಕ್ಷಣಕ್ಕೆ ಹುಡುಗನೂ ಉಸಿರು ಹಿಡಿದ, ನಾನೂ ಹಿಡಿದೆ. ಮುಂದಿನ ಅರ್ಧ ಗಂಟೆ ನಮ್ಮಿಬ್ಬರಿಗೂ ಜಗತ್ತೆಂದರೆ ಆ ಬಿಳಿ ದಂಟು ಒಂದೇ.

ಹಾಗೆ ನಿಂತಿದ್ದಾಗ ನನಗೆ ಐವತ್ತು ವರ್ಷ ಹಿಂದಿನ ಒಂದು ಪಂದ್ಯ ನೆನಪಾಯಿತು. ನಮ್ಮೂರು ಮದ್ದೂರು ತಾಲ್ಲೂಕಿನದು. ಊರಿಗೆ ನೀರು ತರುವ ಸೀಳುನಾಲೆ ದೊಡ್ಡದೇನಲ್ಲ, ಎಮ್ಮೆ ಅಡ್ಡ ನಿಂತರೆ ಮುಕ್ಕಾಲು ಪಾಲು ತುಂಬಿಹೋಗುವಷ್ಟು. ಮೇಲಿನ ಬೀದಿ ಹುಡುಗರಿಗೂ ಕೆಳಗಿನ ಬೀದಿ ಹುಡುಗರಿಗೂ ಗಾಳದ ಪಂದ್ಯ ಎಂದು ಮಾತಾಯಿತು. ಕಡೆಗೆ ಐದೈದು ಮಂದಿ. ಗೆದ್ದವರಿಗೆ ಸೋತವರು ಮದ್ದೂರು ಸ್ಟೇಷನ್ನಿನ ವಡೆ ಕೊಡಿಸಬೇಕು. ನಮ್ಮ ಲೆಕ್ಕ ಸರಳವಾಗಿತ್ತು: ಸಂಜೆಯ ಹೊತ್ತಿಗೆ ಯಾವ ಬೀದಿಯ ಬಕೆಟ್ ಹೆಚ್ಚು ತೂಗುತ್ತದೋ ಆ ಬೀದಿ ಗೆದ್ದ ಹಾಗೆ. ಅಂಗಡಿಯಿಂದ ತಕ್ಕಡಿಯನ್ನೂ ಕೇಳಿ ತಂದಿದ್ದೆವು.

ಆಗ ಅಲ್ಲಿಗೆ ಬಂದವರು ನೀರುಗಂಟಿ ತಾತ. ನಾಲೆಯ ತೂಬುಗಳನ್ನು ಎತ್ತಿ ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿಗಾ ಇಡುವುದು ಅವರ ಕೆಲಸ. ನಮ್ಮ ಲೆಕ್ಕ ಕೇಳಿ ತಲೆಯಾಡಿಸಿದರು. "ಹಂಗ್ ಮಾಡಿದ್ರೆ ಎಲ್ರೂ ತೂಬಿನ ಬುಡಕ್ಕೇ ಬೀಳ್ತೀರ ಕಣ್ರಲಾ. ಅಲ್ಲಿ ನೀರು ಸುಳೀತದೆ, ಮೀನು ಅಲ್ಲೇ ಇರ್ತವೆ. ಕೊನೇಲಿ ಯಾವನು ಕುಂತ್ಕೋತಾನೆ?" ಎಂದರು. ಆಮೇಲೆ ಅವರೇ ಒಂದು ಕಟ್ಟಳೆ ಮಾಡಿದರು. ನಾಲೆಯುದ್ದಕ್ಕೂ ಐದು ಗೂಟ ನೆಡಬೇಕು. ಪ್ರತಿ ಗೂಟದಲ್ಲೂ ಮೇಲಿನ ಬೀದಿಯವನೊಬ್ಬ ಈ ದಡದಲ್ಲಿ, ಕೆಳಗಿನ ಬೀದಿಯವನೊಬ್ಬ ಆ ದಡದಲ್ಲಿ, ಎದುರುಬದುರು. ಯಾರಿಗೆ ಯಾವ ಗೂಟ ಎಂಬುದು ಚೀಟಿ ಎತ್ತಿ ತೀರ್ಮಾನ. ಆ ಗೂಟದಲ್ಲಿ ಯಾರ ಮೀನು ಹೆಚ್ಚು ತೂಗುತ್ತದೋ ಅವನ ಬೀದಿಗೆ ಒಂದು ಅಂಕ. ಹೆಚ್ಚು ಎಷ್ಟು ಎಂಬುದು ಲೆಕ್ಕವಲ್ಲ. ಒಂದು ಕಿಲೋ ಹೆಚ್ಚಾದರೂ ಒಂದೇ ಅಂಕ, ಒಂದು ಬೆರಳುದ್ದ ಹೆಚ್ಚಾದರೂ ಒಂದೇ ಅಂಕ.

ನನಗೆ ಬಂದದ್ದು ಐದನೆಯ ಗೂಟ. ನಾಲೆ ಗದ್ದೆಬಯಲಿಗೆ ಕರಗಿಹೋಗುವ ಜಾಗ. ನೀರು ಮೊಣಕಾಲಿಗೂ ಇಲ್ಲ, ಕೆಸರೇ ಹೆಚ್ಚು. ಮೊದಲನೆಯ ಗೂಟದಲ್ಲಿ ನಮ್ಮ ದೊಡ್ಡಪ್ಪನ ಮಗ, ಗಾಳದಲ್ಲಿ ಊರಿಗೇ ಹೆಸರಾದವನು. ಅಲ್ಲಿಂದ ಕೂಗು ಕೇಳುತ್ತಿತ್ತು. ಅವನಿಗೆ ಎರಡು ಕಿಲೋ ಮೀರಿದ ಗೆಂಡೆ ಬಿದ್ದಿತ್ತು, ಆಮೇಲೆ ನಾಲ್ಕೋ ಐದೋ ಜಿಲೇಬಿ ಮೀನು. ನಾನೂ ಅಂಥದ್ದೇ ಒಂದು ತರಬೇಕೆಂದು ದೊಡ್ಡ ಗಾಳಕ್ಕೆ ದೊಡ್ಡ ಹುಳು ಸಿಕ್ಕಿಸಿ, ಕೆಸರಿನಲ್ಲಿ ಕೊರವ ಇದ್ದೇ ಇರುತ್ತದೆಂದು ಕಾದೆ. ಬೆಂಡು ಅಲುಗಲಿಲ್ಲ. ಎದುರು ದಡದ ಹುಡುಗ ಅಷ್ಟು ಹೊತ್ತಿಗೆ ಗಾಳ ಬದಲಾಯಿಸಿದ್ದ. ಚಿಕ್ಕ ಗಾಳ, ಅದರ ತುದಿಯಲ್ಲಿ ಸಾಸಿವೆಯಷ್ಟು ಮುದ್ದೆ. ಹೊತ್ತು ಮುಳುಗುವ ಮುಂಚೆ ಅವನು ಕಿರುಬೆರಳುದ್ದದ ಒಂದು ಮೀನು ಎತ್ತಿದ. ಅದು ಅವನ ಅಂಗೈಯಲ್ಲಿ ಬೆಳ್ಳಿ ಚೂರಿನ ಹಾಗೆ ಒದ್ದಾಡುತ್ತಿತ್ತು.

ಎರಡು ಗೂಟ ನಮ್ಮವು, ಎರಡು ಅವರವು, ಐದನೆಯದು ಅವರಿಗೆ. ಎಲ್ಲ ಮೀನನ್ನೂ ಒಟ್ಟು ಹಾಕಿದ್ದರೆ ನಮ್ಮ ಬೀದಿ ಮೂರು ಪಾಲು ಹೆಚ್ಚು ತೂಗುತ್ತಿತ್ತು. ಆದರೂ ಸೋತೆವು. ದೊಡ್ಡಪ್ಪನ ಮಗ ನನ್ನನ್ನು ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ನನಗೆ ಹೆಚ್ಚು ನೋವಾಯಿತು. ತಾತ ಮಾತ್ರ ಗೂಟ ಕೀಳುತ್ತ ನನ್ನ ಪಕ್ಕ ಬಂದು, "ನೀನು ಅಣ್ಣನ ಹಂಗೆ ಮೀನು ಹಿಡಿಯಕ್ ಹೋದೆ ಮಗ. ನಿಂಗೆ ಬೇಕಾಗಿದ್ದು ಒಂದು ಸಣ್ದು. ಕೊನೇಲಿರೋನು ಬರಿಗೈಲಿ ಬಂದ್ರೆ ಮುಂದಿನೋನು ಎಷ್ಟು ತುಂಬ್ಕೊಂಡ್ರೂ ಆಟ ಆಗಾಕಿಲ್ಲ" ಎಂದರು.

ದೊಡ್ಡವನಾಗಿ ನಾಲ್ಕು ಪುಸ್ತಕ ಓದಿದ ಮೇಲೆ ನನಗೆ ತಿಳಿದದ್ದು, ತಾತನ ಕಟ್ಟಳೆಯನ್ನೇ ಹೋಲುವ ಕಟ್ಟಳೆ ಜಗತ್ತಿನ ಇನ್ನೊಂದು ಮೂಲೆಯಲ್ಲೂ ಇದೆ ಎಂಬುದು. ಇಂಗ್ಲೆಂಡಿನ ನಾಲೆಗಳು ಬೇಸಾಯಕ್ಕಾಗಿ ತೋಡಿದವಲ್ಲ, ಸರಕು ಸಾಗಣೆಗೆ ತೋಡಿದವು. 1761ರಲ್ಲಿ ಬಳಕೆಗೆ ಬಂದ ಬ್ರಿಜ್‌ವಾಟರ್ ನಾಲೆಯಲ್ಲಿ ಹೋಗುತ್ತಿದ್ದದ್ದು ಕಲ್ಲಿದ್ದಲು ತುಂಬಿದ ದೋಣಿಗಳು. ರೈಲು ಬಂದಿತು, ದೋಣಿಗಳ ವ್ಯಾಪಾರ ಇಳಿಯಿತು, ನಾಲೆ ನಿಂತ ನೀರಾಯಿತು. ಗಣಿಯಲ್ಲೂ ಗಿರಣಿಯಲ್ಲೂ ವಾರವಿಡೀ ದುಡಿದವರು ರಜೆಯ ದಿನ ಅದರ ದಡಕ್ಕೆ ಗಾಳ ಹಿಡಿದು ಬಂದರು. ಸಂಘ ಕಟ್ಟಿಕೊಂಡರು, ಸಂಘಸಂಘಗಳ ನಡುವೆ ಪಂದ್ಯ ನಡೆಯಿತು. ಅಲ್ಲಿಯೂ ಗೂಟವೇ. ದಡದುದ್ದಕ್ಕೂ ನಂಬರು ಹಾಕಿದ ಗೂಟಗಳು, ಚೀಟಿ ಎತ್ತಿ ಜಾಗ, ಸೀಟಿ ಊದಿದ ಮೇಲೆಯೇ ಗಾಳ ನೀರಿಗೆ. ಹಿಡಿದ ಮೀನನ್ನು ನೀರಿನಲ್ಲೇ ಇಳಿಬಿಟ್ಟ ಉದ್ದನೆಯ ಬಲೆಚೀಲದಲ್ಲಿ ಜೀವಂತ ಇಟ್ಟು, ಕೊನೆಗೆ ತೂಗಿ, ಮತ್ತೆ ನಾಲೆಗೇ ಬಿಡುತ್ತಾರೆ.

1957ರಿಂದ ನಡೆದುಬಂದಿರುವ ಸಿಹಿನೀರಿನ ಗಾಳದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿಯೂ ತಂಡಕ್ಕೆ ಐದು ಮಂದಿ. ದಡವನ್ನು ಐದು ಭಾಗ ಮಾಡುತ್ತಾರೆ. ಪ್ರತಿ ದೇಶದ ಒಬ್ಬೊಬ್ಬರು ಒಂದೊಂದು ಭಾಗದಲ್ಲಿ ಕೂರಬೇಕು. ಆ ಭಾಗದಲ್ಲಿ ನೀವು ಎಷ್ಟನೆಯವರು ಎಂಬುದೇ ನಿಮ್ಮ ಅಂಕ: ಮೊದಲನೆಯವರಿಗೆ ಒಂದು, ಹತ್ತನೆಯವರಿಗೆ ಹತ್ತು. ಐವರ ಅಂಕ ಕೂಡಿದಾಗ ಯಾರದು ಕಡಿಮೆಯೋ ಆ ದೇಶ ಗೆದ್ದಿತು. ಹೀಗಾಗಿ ಒಬ್ಬ ಮಹಾ ಗಾಳಗಾರ ತನ್ನ ಭಾಗದಲ್ಲಿ ಎಷ್ಟೇ ರಾಶಿ ಹಾಕಲಿ, ಅವನು ತಂಡಕ್ಕೆ ಕೊಡಬಹುದಾದದ್ದು ಆ ಒಂದು ಅಂಕ ಮಾತ್ರ. ಇನ್ನೊಂದು ತುದಿಯಲ್ಲಿ ಮೀನೇ ಇಲ್ಲದ ಜಾಗ ಸಿಕ್ಕವನು ಛಲ ಬಿಡದೆ ಎರಡು ಬೆರಳುದ್ದದ ಮೀನೊಂದನ್ನು ಎತ್ತಿದರೆ ನಾಲ್ಕಾರು ಸ್ಥಾನ ಮೇಲೇರಿ ತಂಡವನ್ನು ಉಳಿಸುತ್ತಾನೆ. ನಾಲೆಯ ಪಂದ್ಯಗಳಲ್ಲಿ ಪಳಗಿದವರಿಗೆ ಇದು ಚೆನ್ನಾಗಿ ಗೊತ್ತು. ಹಲವು ಆಳು ಉದ್ದದ ಕಡ್ಡಿಯನ್ನು ಎದುರು ದಡದ ಹುಲ್ಲಿನ ತನಕ ಚಾಚಿ, ಕೂದಲೆಳೆಯಂಥ ದಾರದಲ್ಲಿ ಗುಂಡುಸೂಜಿಗಿಂತ ಸಣ್ಣ ಗಾಳ ಕಟ್ಟಿ, ಗಂಟೆಗಟ್ಟಲೆ ಪುಟ್ಟ ಮೀನನ್ನು ಒಂದೊಂದಾಗಿ ಎತ್ತುತ್ತಾರೆ. ಅಲ್ಲಿ ಕೌಶಲವೆಂದರೆ ಬಡಜಾಗದಿಂದ ಏನಾದರೂ ತರುವುದು. ನನಗೆ ಈ ಆಟದಲ್ಲಿ ಇಷ್ಟವಾಗುವುದು ಇದೇ. ದೈವ ಕೊಟ್ಟ ಜಾಗವನ್ನು ಯಾರೂ ಅಳಿಸಲಾರರು. ಆದರೆ ಅದರ ಭಾರ ಒಬ್ಬನ ತಲೆಯ ಮೇಲೆಯೇ ಬೀಳದ ಹಾಗೆ ಲೆಕ್ಕವನ್ನು ಮನುಷ್ಯರು ಬರೆಯಬಹುದು.

ದೊಡ್ಡ ಮೀನಿನ ಮೋಹ ನಮ್ಮ ಜಿಲ್ಲೆಗೆ ಹೊಸದಲ್ಲ ಎಂಬುದನ್ನೂ ಹೇಳಬೇಕು. ಮಳವಳ್ಳಿ ತಾಲ್ಲೂಕಿನಲ್ಲಿ ಶಿವನಸಮುದ್ರದ ಕೆಳಗೆ ಕಾವೇರಿ ಬಂಡೆಗಳ ನಡುವೆ ಇಳಿಯುವ ಭೀಮೇಶ್ವರಿ, ಮುತ್ತತ್ತಿಯ ಕಡೆ ಮಹಶೀರ್ ಮೀನಿಗಾಗಿ ದೇಶವಿದೇಶದವರು ಬಂದು ಬಿಡಾರ ಹೂಡುತ್ತಿದ್ದರು. ಕಾವೇರಿಯ ಬಳಗದ್ದೇ ಆದ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ 1946ರಲ್ಲಿ ಹಿಡಿದ ಮಹಶೀರ್ 120 ಪೌಂಡು ತೂಗಿತ್ತು, ಸುಮಾರು 54 ಕಿಲೋ. ಒಬ್ಬ ಮನುಷ್ಯ, ಒಂದು ಮೀನು, ಒಂದು ದಾಖಲೆ. ಆ ವೈಭವ ಬೇರೆಯದೇ. ಆದರೆ ನದಿಯಲ್ಲಿ ಸಿಡಿಮದ್ದು ಹಾಕಿ ಮೀನು ಹಿಡಿಯುವವರೂ ಇದ್ದರು. ಒಂದು ಮಡುವಿನಲ್ಲಿ ಒಂದು ಸಲ ಸಿಡಿಸಿದರೆ ದೊಡ್ಡದು ಚಿಕ್ಕದು ಎಲ್ಲ ತೇಲುತ್ತದೆ, ಹಿಂದೆ ಬರುವವನಿಗೆ ಬರಿಯ ನೀರು ಉಳಿಯುತ್ತದೆ. ಕಾವೇರಿ ಕಣಿವೆ ಬಿಟ್ಟರೆ ಬೇರೆಲ್ಲೂ ಇಲ್ಲದ ಆ ಗೂನುಬೆನ್ನಿನ ಮಹಶೀರ್ ಯಾವ ಜಾತಿಯದೆಂದು ವಿಜ್ಞಾನಿಗಳು ಖಚಿತಪಡಿಸಿದ್ದೇ 2018ರಲ್ಲಿ. ಅಷ್ಟು ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಿತ್ತು. ಒಂದು ಕಾಲಕ್ಕೆ ಕದ್ದು ಮೀನು ಹಿಡಿಯುತ್ತಿದ್ದ ಊರಿನವರಲ್ಲೇ ಕೆಲವರು ಆಮೇಲೆ ಮೀನು ಕಾಯುವವರಾಗಿ, ಹಿಡಿದು ಮತ್ತೆ ನೀರಿಗೆ ಬಿಡುವುದನ್ನು ಬಂದವರಿಗೆ ಕಲಿಸಿದರು. ಮಡುವಿಗೂ ಒಂದು ಕೊನೆಯ ಗೂಟ ಇದೆ, ಅಲ್ಲಿ ಕೂರುವವರು ಇನ್ನೂ ಹುಟ್ಟಿಲ್ಲ ಎಂದು ಅವರಿಗೆ ತಿಳಿದಿರಬೇಕು.

ನೀರುಗಂಟಿ ತಾತ ಇಂಗ್ಲೆಂಡಿನ ಪಂದ್ಯ ಕಂಡವರಲ್ಲ. ಅವರಿಗೆ ಆ ಕಟ್ಟಳೆ ಹೊಳೆದದ್ದು ನಾಲೆಯಿಂದಲೇ. ಮಂಡ್ಯ ಸೀಮೆ ಒಂದು ಕಾಲಕ್ಕೆ ಮಳೆಯನ್ನು ನಂಬಿದ ಹೊಲಗಳ ಊರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ನಾಲೆಯ ನೀರು ಗುಡ್ಡ ದಾಟಿ ಈ ಕಡೆಗೆ ಬರಲೆಂದು ಹುಲಿಕೆರೆಯ ಸುರಂಗವನ್ನು ಕೊರೆದರು. ವೈಸರಾಯ್ ಇರ್ವಿನ್ನರ ಹೆಸರಿನಲ್ಲಿದ್ದ ಆ ನಾಲೆ ಆಮೇಲೆ ವಿಶ್ವೇಶ್ವರಯ್ಯ ನಾಲೆಯಾಯಿತು, ನಮ್ಮ ಬಾಯಲ್ಲಿ ವಿ.ಸಿ. ನಾಲೆ. ವಿಶ್ವೇಶ್ವರಯ್ಯನವರು ಮೈಸೂರಿಗೆ ಬರುವ ಮೊದಲೇ, 1899ರಲ್ಲಿ, ಮುಂಬಯಿ ಪ್ರಾಂತ್ಯದ ನಾಲೆಗಳಲ್ಲಿ ಬ್ಲಾಕ್ ಪದ್ಧತಿ ತಂದಿದ್ದರು. ನಾಲೆಯ ಬಾಯಲ್ಲಿರುವ ನಾಲ್ಕು ಊರು ನೀರನ್ನೆಲ್ಲ ಕುಡಿದುಬಿಡದೆ, ಹೆಚ್ಚು ಊರುಗಳಿಗೆ ಪಾಲು ಸಿಗುವ ಹಾಗೆ, ಬೆಳೆಯನ್ನೂ ನೀರನ್ನೂ ಕಟ್ಟುಕಟ್ಟಾಗಿ ಹಂಚುವ ಯೋಚನೆ ಅದು. ಎಂಜಿನಿಯರು ಕಾಗದದ ಮೇಲೆ ಬರೆದದ್ದನ್ನು ತಾತನಂಥವರು ತೂಬಿನ ಬಳಿ ನಿಂತು ನಡೆಸಿದರು.

ಆ ಕೆಲಸ ಎಂದೂ ಸುಲಭವಾಗಿರಲಿಲ್ಲ, ಈಗಲೂ ಅಲ್ಲ. ನಾಲೆಗೆ ನೀರು ಬಿಟ್ಟು ವಾರ ಕಳೆದರೂ ಮದ್ದೂರು, ಮಳವಳ್ಳಿ ತಾಲ್ಲೂಕಿನ ಕೊನೆಭಾಗದ ಊರುಗಳಿಗೆ ನೀರು ತಲುಪಿಲ್ಲ ಎಂಬ ಸುದ್ದಿಯನ್ನು ನಾವು ಮತ್ತೆಮತ್ತೆ ಓದುತ್ತೇವೆ. ರೈತರು ರಸ್ತೆಯಲ್ಲಿ ಕೂರುತ್ತಾರೆ. ಕಾರಣಗಳು ಹಲವು. ಹೂಳು ತೆಗೆದಿರುವುದಿಲ್ಲ, ಕಟ್ಟು ನೀರಿನ ಸರದಿ ತಪ್ಪಿರುತ್ತದೆ, ಏರಿ ಒಡೆದಿರುತ್ತದೆ. ಸರ್ಕಾರ ಮಾಡಬೇಕಾದ್ದನ್ನು ಸರ್ಕಾರವೇ ಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೇಲಿನ ಭಾಗದಲ್ಲಿರುವ ನಮ್ಮ ಕೈಯ ಕೆಲಸವೂ ಸ್ವಲ್ಪ ಇದೆ. ಸರದಿ ಮುಗಿದ ಮೇಲೂ ತೂಬು ತೆರೆದೇ ಬಿಟ್ಟು ಮಲಗುತ್ತೇವೆ. ಗದ್ದೆ ತುಂಬಿ ನೀರು ಹಳ್ಳಕ್ಕೆ ಹೋಗುತ್ತಿದ್ದರೂ, ನಾಳೆ ಸಿಗುತ್ತದೋ ಇಲ್ಲವೋ ಎಂಬ ಭಯಕ್ಕೆ ಮುಚ್ಚುವುದಿಲ್ಲ. ನಾಲೆಗೆ ನೇರವಾಗಿ ಪಂಪ್‌ಸೆಟ್ ಇಳಿಬಿಡುವವರೂ ಇದ್ದಾರೆ. ಇವರು ಕೆಟ್ಟವರೇನಲ್ಲ, ನಮ್ಮವರೇ, ಮದುವೆ ಮುಂಜಿಗೆ ಕರೆದರೆ ಬರುವವರು. ತಮ್ಮ ಗೂಟದ ಮೀನನ್ನಷ್ಟೇ ಎಣಿಸುತ್ತಿದ್ದಾರೆ.

ಅದೇ ಜನ ತಮ್ಮ ಮನೆಯ ಬೀಗರೂಟದಲ್ಲಿ ಹೇಗಿರುತ್ತಾರೆಂದು ನೋಡಿ. ಬಡಿಸುವವರ ಹಿಂದೆ ಯಜಮಾನ ಓಡಾಡುತ್ತಾನೆ. ಮೊದಲನೆಯ ಪಂಕ್ತಿಯಲ್ಲಿ ಊರ ದೊಡ್ಡವರೆಲ್ಲ ಕುಳಿತಿದ್ದರೂ ಅವನ ಕಣ್ಣು ಅಡಿಗೆಮನೆಯ ಪಾತ್ರೆಯ ತಳದ ಮೇಲೆ. ಕೊನೆಯ ಪಂಕ್ತಿಗೆ ಸಾರು ನೀರಾಗದ ಹಾಗೆ, ಚೂರು ಕಡಿಮೆಯಾಗದ ಹಾಗೆ, ಪಾತ್ರೆ ತೊಳೆಯುವ ಹೆಂಗಸರಿಗೂ ಊಟ ಉಳಿಯುವ ಹಾಗೆ ಮುಂಚೆಯೇ ತೆಗೆದಿಡಿಸುತ್ತಾನೆ. ಮೊದಲ ಪಂಕ್ತಿಯವರಿಗೆ ಎರಡನೆಯ ಸಲ ಬಡಿಸುವಾಗ ಕೈ ಸ್ವಲ್ಪ ಹಿಡಿಯಿರೆಂದು ಕಣ್ಣಲ್ಲೇ ಹೇಳುತ್ತಾನೆ. ಕೊನೆಯ ಪಂಕ್ತಿ ಹಸಿದು ಎದ್ದರೆ ಇಡೀ ಊಟದ ಮಾನ ಹೋಯಿತೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಯೊಳಗೆ ಇಷ್ಟು ಸಹಜವಾದ ಧರ್ಮ ನಾಲೆಯ ಏರಿ ಹತ್ತಿದೊಡನೆ ಏಕೆ ಮರೆತುಹೋಗುತ್ತದೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಬೀಗರೂಟದಲ್ಲಿ ಕೊನೆಯ ಪಂಕ್ತಿ ಕಣ್ಣಿಗೆ ಕಾಣುತ್ತದೆ. ನಾಲೆಯಲ್ಲಿ ಕೊನೆಯ ಗದ್ದೆ ಹತ್ತು ಮೈಲಿ ಆಚೆ ಇರುತ್ತದೆ. ಬಹುಶಃ ವ್ಯತ್ಯಾಸ ಇಷ್ಟೇ.

ತಾತ ಆ ಹತ್ತು ಮೈಲಿಯನ್ನು ಸೈಕಲ್ಲಿನಲ್ಲಿ ತುಳಿಯುತ್ತಿದ್ದರು. ನೀರು ಬಿಟ್ಟ ದಿನ ಬೇರೆ ನೀರುಗಂಟಿಗಳು ತೂಬಿನ ಬಳಿ ನಿಂತರೆ, ಇವರು ಮೊದಲು ಹೋಗುತ್ತಿದ್ದದ್ದು ಕೊನೆಯ ಗದ್ದೆಗೆ. ಅಲ್ಲಿನ ಕಲ್ಲಿನ ಮೇಲೆ ಕುಳಿತು ಬೀಡಿ ಹಚ್ಚಿ ಕಾಯುತ್ತಿದ್ದರು. ಒಣಗಿದ ನಾಲೆಯಲ್ಲಿ ನೀರು ಬರುವ ಮುಂಚೆ ಒಂದು ಸಪ್ಪಳ ಬರುತ್ತದೆ, ತರಗೆಲೆಗಳನ್ನು ಯಾರೋ ಗುಡಿಸಿಕೊಂಡು ಬಂದ ಹಾಗೆ. ಆಮೇಲೆ ನೊರೆ, ಕಡ್ಡಿಕಸ, ದಿಕ್ಕೆಟ್ಟ ಇರುವೆಗಳ ಗುಂಪು, ಅದರ ಹಿಂದೆ ಕೆಂಪು ನೀರಿನ ನಾಲಗೆ. ಅದು ಕೊನೆಯ ಗದ್ದೆಯ ಬದು ಮುಟ್ಟಿದ್ದನ್ನು ಕಣ್ಣಾರೆ ಕಂಡ ಮೇಲೆ ತಾತ ಎದ್ದು, ಅಲ್ಲಿಂದ ಮೇಲಕ್ಕೆ ಒಂದೊಂದೇ ತೂಬು ತೆರೆಯುತ್ತ ಊರಿಗೆ ಬರುತ್ತಿದ್ದರು. ಮೇಲಿನವರು ಬೈಯುತ್ತಿದ್ದರು. ಬೈದವರ ಮನೆಯಲ್ಲೇ ಅವರು ಮಜ್ಜಿಗೆ ಕುಡಿದು ಮುಂದೆ ಹೋಗುತ್ತಿದ್ದರು.

ಭಾನುವಾರ ಆ ಹುಡುಗನಿಗೆ ಹೊತ್ತು ಮುಳುಗುವವರೆಗೂ ಏನೂ ಬೀಳಲಿಲ್ಲ. ಸ್ವಲ್ಪ ದೂರದಲ್ಲಿ ಅವನಿಗಿಂತ ದೊಡ್ಡ ಹುಡುಗರಿಬ್ಬರು ಆಗಲೇ ಏಳೆಂಟು ಜಿಲೇಬಿ ಹಿಡಿದು ಹುರಿಗೆ ಕೋದಿದ್ದರು. ಅವನು ಒಂದೆರಡು ಸಲ ಆ ಕಡೆ ನೋಡಿದ. ಆಮೇಲೆ ದಾರ ಎಳೆದುಕೊಂಡು, ಗಾಳ ಬಿಚ್ಚಿ, ಜೇಬಿನಲ್ಲಿದ್ದ ಬೆಂಕಿಪೊಟ್ಟಣದಿಂದ ಚಿಕ್ಕದೊಂದನ್ನು ತೆಗೆದು ಕಟ್ಟತೊಡಗಿದ. ಮಬ್ಬಿನಲ್ಲಿ ದಾರದ ತುದಿ ಗಾಳದ ಕಣ್ಣಿಗೆ ಹೋಗುತ್ತಿರಲಿಲ್ಲ. ನಾನು ಮೊಬೈಲಿನ ಬೆಳಕು ಹಿಡಿದೆ.